ಹಾಸ್ಟೆಲ್ ಡೇಗೆ ಬಂದ ರೈಟರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ಹಾಸ್ಟೆಲ್ ಡೇ ದಿನ ಆದದ್ದಕ್ಕೆ ಅರ್ಧ ಕಾರಣ ನನ್ನ ಕೋಪ, ಇನ್ನರ್ಧ ನನ್ನ ಜಂಬ.

ಆಲ್ದೂರಿನಿಂದ ಸ್ವಲ್ಪ ಆಚೆ, ಕಾಫಿ ತೋಟಗಳ ನಡುವೆ ನಮ್ಮ ಹೆಣ್ಣುಮಕ್ಕಳ ವಸತಿ ಶಾಲೆ. ಅಲ್ಲೇ ಪಾಠ, ಅಲ್ಲೇ ಊಟ, ಅಲ್ಲೇ ಜಗಳ. ಬೆಳಿಗ್ಗೆ ಐದಕ್ಕೆ ಬಿಸಿನೀರಿನ ಹಂಡೆ ಮುಂದೆ ಬಕೆಟ್ಟುಗಳು ಸಾಲಾಗಿ ನಿಂತಿರುತ್ತಿದ್ದವು. ಬಕೆಟ್ಟಿನವರು ಮಾತ್ರ ಒಳಗೆ ಕಂಬಳಿ ಹೊದ್ದು ಮಲಗಿರುತ್ತಿದ್ದರು. ಯಾರಾದರೂ ನನ್ನ ಬಕೆಟ್ಟನ್ನು ಒಂದು ಗೇಣು ಹಿಂದೆ ಸರಿಸಿದರೋ, ಅವತ್ತು ದೊಡ್ಡ ರಂಪವೇ. ಮನೆಗೆ ಹೋಗಿ ಬಂದವರ ಉಪ್ಪಿನಕಾಯಿ ಬಾಟಲಿ ಮಾರನೇ ದಿನ ಮಧ್ಯಾಹ್ನಕ್ಕೆ ಖಾಲಿ. ನನ್ನ ಪಕ್ಕದ ಮಂಚದವಳು ಕಳಸದ ಕಡೆಯವಳು, ಅರ್ಚಕರ ಮಗಳು. ಅವಳ ಅಪ್ಪೆಮಿಡಿ ಬಾಟಲಿಗೆ ನಾವು ಹತ್ತು ಜನ ಕೈ ಹಾಕುವಾಗ, "ನಮ್ಮಜ್ಜಿ ಇದನ್ನ ನೋಡಿದ್ರೆ ನನ್ನನ್ನ ಭದ್ರಾ ಹೊಳೇಲಿ ಮೂರು ಸಲ ಮುಳುಗಿಸ್ತಾರೆ ಮಾರಾಯ್ತಿ" ಎನ್ನುತ್ತಾ ಅವಳೂ ಒಂದು ಮಿಡಿ ಎತ್ತಿಕೊಳ್ಳುತ್ತಿದ್ದಳು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ದಾವಣಗೆರೆ ಕಡೆಯಿಂದ ಹೊಸ ಕನ್ನಡ ಮಿಸ್ ಬಂದರು. ಒಳ್ಳೆಯವರು, ಆದರೆ ಪುಸ್ತಕದ ಹುಚ್ಚು. ಹಾಜರಿ ಪುಸ್ತಕಕ್ಕಿಂತ ಮೊದಲು ಕಥೆ ಪುಸ್ತಕ ತೆಗೆಯುತ್ತಿದ್ದರು. ಒಂದು ದಿನ ಎಲ್ಲರ ವಿವರ ಬರೆದುಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ಅಪ್ಪ ಏನು ಮಾಡ್ತಾರೆ?"

"ರೈಟರ್, ಮಿಸ್."

ಮಿಸ್ ಪೆನ್ನು ಕೆಳಗಿಟ್ಟರು. "ಹೌದಾ? ಏನು ಬರೀತಾರೆ?"

"ಎಲ್ಲಾನೂ ಬರೀತಾರೆ ಮಿಸ್. ಯಾರು ಬಂದ್ರು, ಯಾರು ಬರ್ಲಿಲ್ಲ, ಮಳೆ ಎಷ್ಟು ಬಂತು. ಒಂದು ದಿನಾನೂ ತಪ್ಪಿಸಲ್ಲ."

"ಎಷ್ಟು ಪುಸ್ತಕ ಆಗಿದೆ?"

"ಒಂದು ಬೀರು ತುಂಬ ಇದೆ ಮಿಸ್."

"ಯಾರು ಓದ್ತಾರೆ?"

"ಸಾಹುಕಾರ್ರು ಒಬ್ರೇ."

ಮಿಸ್ ನಿಟ್ಟುಸಿರು ಬಿಟ್ಟರು. "ಪಾಪ, ಒಳ್ಳೆಯವರ ಹಣೆಬರಹವೇ ಇಷ್ಟು" ಅಂದರು.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ಕಡೆ ರೈಟರ್ ಅಂದರೆ ಎಸ್ಟೇಟಿನ ಗುಮಾಸ್ತ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಯಾರು ತೋಟದ ಯಾವ ತಾಕಿಗೆ ಹೋಗಬೇಕು ಅಂತ ಹೇಳುವುದು, ದಿನದ ಮಳೆ ಅಳೆದು ಬರೆದಿಡುವುದು ಅವರ ಕೆಲಸ. ಅಪ್ಪ ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಇಪ್ಪತ್ತು ವರ್ಷದಿಂದ ರೈಟರು. ಕ್ಲಾಸಿನಲ್ಲಿದ್ದ ಹುಡುಗಿಯರೆಲ್ಲ ಇದೇ ಸೀಮೆಯವರು, ಯಾರಿಗೂ ಇದರಲ್ಲಿ ವಿಶೇಷ ಕಾಣಲಿಲ್ಲ. ರೈಟರ್ ಅಂದರೆ ಕಥೆ ಬರೆಯುವವರೂ ಆಗಬಹುದು ಅಂತ ನಮಗೆ ಹೊಳೆದದ್ದೇ ಮಾರನೇ ದಿನ. ಅವತ್ತು ಮಿಸ್ ಪ್ರಾರ್ಥನೆಯಲ್ಲಿ, "ನಮ್ಮ ವಿದ್ಯಾರ್ಥಿನಿಯ ತಂದೆ ಒಬ್ಬ ಸಾಹಿತಿ. ಇನ್ನು ಹದಿನೈದು ದಿನಕ್ಕೆ ಹಾಸ್ಟೆಲ್ ಡೇ, ಈ ಸಲ ಅವರೇ ಮುಖ್ಯ ಅತಿಥಿ" ಅಂತ ಹೇಳಿಬಿಟ್ಟರು.

ಕಳಸದವಳು ನನ್ನ ತೊಡೆ ಚಿವುಟಿದಳು. "ಹೇಳೇ, ಈಗ್ಲೇ ಹೇಳು."

ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಹಿಂದಿನ ವಾರವಷ್ಟೇ ಬಕೆಟ್ ಜಗಳದಲ್ಲಿ ದೊಡ್ಡ ಎಸ್ಟೇಟಿನವರ ಹುಡುಗಿಯೊಬ್ಬಳು, "ನಿಮ್ಮಪ್ಪ ನಮ್ಮ ಮಾವನ ಮುಂದೆ ಕೈಕಟ್ಕೊಂಡು ನಿಂತಿರ್ತಾರೆ, ನಾನೇ ನೋಡಿದೀನಿ" ಅಂದಿದ್ದಳು. ಅವಳ ಮಾವನೇ ಅಪ್ಪನ ಸಾಹುಕಾರರು, ಹಾಗಾಗಿ ಅದು ನಿಜವೇ. ನಿಜವಾಗಿದ್ದರಿಂದಲೇ ನನಗೆ ಉರಿದುಹೋಗಿತ್ತು. ಈಗ ನೋಡು, ನಮ್ಮಪ್ಪ ಸ್ಟೇಜಿನ ಮೇಲೆ ಕುರ್ಚಿಯಲ್ಲಿ ಕೂರುತ್ತಾರೆ, ನೀನು ಕೆಳಗೆ ಜಮಖಾನದ ಮೇಲೆ ಕೂರು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಆ ಜಂಬ ಎರಡು ದಿನಕ್ಕಿಂತ ಹೆಚ್ಚು ಬಾಳಲಿಲ್ಲ. ಮೂರನೇ ದಿನ ಅನ್ನದ ತಟ್ಟೆ ಮುಂದೆ ಕೂತಾಗ ತಲೆಗೆ ಬಂತು: ಅಪ್ಪ ಸ್ಟೇಜು ಹತ್ತುತ್ತಾರೆ, ಮಿಸ್ ನಿಮ್ಮ ಕಥೆಗಳ ಬಗ್ಗೆ ಹೇಳಿ ಅನ್ನುತ್ತಾರೆ, ಅಪ್ಪ ತಬ್ಬಿಬ್ಬಾಗುತ್ತಾರೆ, ನೂರೈವತ್ತು ಹುಡುಗಿಯರು ಘೊಳ್ ಅಂತ ನಗುತ್ತಾರೆ. ಅಪ್ಪನ ಮರ್ಯಾದೆಯನ್ನು ನಾನೇ ನನ್ನ ಕೈಯಾರೆ ಹರಾಜಿಗಿಟ್ಟಿದ್ದೆ. ಈಗ ಮಿಸ್ ಹತ್ತಿರ ನಿಜ ಹೇಳಿದರೂ ಆ ದೊಡ್ಡ ಎಸ್ಟೇಟಿನವಳು ನಗುವುದು ತಪ್ಪುತ್ತಿರಲಿಲ್ಲ.

ಹಾಸ್ಟೆಲ್ಲಿನ ಅಡುಗೆ ಅಕ್ಕನ ಹತ್ತಿರ ಹೋಗಿ ಅತ್ತುಬಿಟ್ಟೆ. ಅವರು ಮದುವೆಗೆ ಮುಂಚೆ ಅಪ್ಪನ ಎಸ್ಟೇಟಿನಲ್ಲೇ ಕಾಫಿ ಹಣ್ಣು ಕುಯ್ಯುತ್ತಿದ್ದವರು. "ನಿಮ್ಮಪ್ಪ ಬರಲ್ಲ ಬಿಡು. ಕುಯ್ಲಿನ ಟೈಮಲ್ಲಿ ಯಾವ ರೈಟರಿಗೆ ರಜ ಸಿಗತ್ತೆ" ಅಂದರು. ಅದೊಂದೇ ನನಗಿದ್ದ ಧೈರ್ಯ. ಆದರೆ ಮಿಸ್ ಫೋನ್ ಮಾಡಿ ಬಂದು, "ಬರ್ತಾರಂತೆ. ಎಂಥ ವಿನಯ ಗೊತ್ತಾ, ನಂದೇನು ಮಹಾ ಬರವಣಿಗೆ ಮೇಡಂ, ದಿನಾ ನಾಲ್ಕು ಸಾಲು ಅಂದ್ರು" ಅಂತ ಸಂಭ್ರಮಪಟ್ಟರು. ಹೋಯ್ತು, ಅದೂ ಹೋಯ್ತು.

ಅಷ್ಟರಲ್ಲಿ ಇಡೀ ಹಾಸ್ಟೆಲ್ಲಿಗೆ ವಿಷಯ ಗೊತ್ತಾಗಿತ್ತು, ಮಿಸ್ ಒಬ್ಬರನ್ನು ಬಿಟ್ಟು. ಹುಡುಗಿಯರು ಸೇರಿ ಮಸಲತ್ತು ಮಾಡಿದರು. ಒಬ್ಬಳು ಕರೆಂಟ್ ತೆಗೆಯೋಣ ಅಂದಳು. ಇನ್ನೊಬ್ಬಳು ಅಪ್ಪ ಮಾತಿಗೆ ನಿಂತ ತಕ್ಷಣ ತಾನು ತಲೆತಿರುಗಿ ಬೀಳುತ್ತೇನೆ ಅಂತ ಹೇಳಿ ಎರಡು ಸಲ ಬಿದ್ದು ತೋರಿಸಿದಳು. ಎರಡನೇ ಸಲ ನಿಜವಾಗಲೂ ಮೊಣಕೈ ತರಚಿತು. ಕೊನೆಗೆ ಕಳಸದವಳು ತೀರ್ಮಾನ ಕೊಟ್ಟಳು: "ಅವ್ರು ಏನೇ ಹೇಳ್ಲಿ, ನಾವು ಜೋರಾಗಿ ಚಪ್ಪಾಳೆ ತಟ್ಟೋದು. ಯಾರಾದ್ರೂ ನಕ್ಕರೆ ಇನ್ಮೇಲೆ ಅವಳಿಗೆ ಅಪ್ಪೆಮಿಡಿ ಇಲ್ಲ." ಇದಕ್ಕಿಂತ ದೊಡ್ಡ ಶಿಕ್ಷೆ ನಮ್ಮ ಹಾಸ್ಟೆಲ್ಲಿನಲ್ಲಿ ಇರಲಿಲ್ಲ.

ಅಪ್ಪ ಬಂದರು. ಮದುವೆಮನೆಗೆ ಹೋಗುವ ಬಿಳಿ ಷರ್ಟು, ಕಾಫಿ ಕರೆ ಹತ್ತಿ ಕಪ್ಪಾದ ಬೆರಳು. ಹೂವಿನ ಹಾರ ಹಾಕಿದಾಗ ತಲೆ ಬಗ್ಗಿಸಿ, ಎತ್ತರದ ಕುರ್ಚಿಯ ತುದಿಯಲ್ಲಿ ಕೂತರು. ನಾನು ಹಿಂದಿನ ಕಂಬದ ಮರೆಯಲ್ಲಿ ನಿಂತಿದ್ದೆ. ಮಿಸ್ ಮಲೆನಾಡಿನ ಎಲೆಮರೆಯ ಕಾಯಿ ಅಂತೆಲ್ಲ ಹೊಗಳಿ ಮೈಕು ಕೊಟ್ಟರು.

ಅಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ನಾನು ಕಥೆ ಬರೆಯೋ ರೈಟರ್ ಅಲ್ಲ ಮಕ್ಕಳೇ, ಎಸ್ಟೇಟ್ ರೈಟರ್. ಮೇಡಮ್ಮೋರಿಗೆ ನಮ್ಮ ಕಡೆ ಮಾತು ಹೊಸದು, ಅವರದ್ದೇನೂ ತಪ್ಪಿಲ್ಲ. ಕರೆದಿದ್ದಾರೆ, ಬಂದಿದ್ದೀನಿ. ನಾನು ಏನು ಬರೀತೀನಿ ಅಂತ ಹೇಳ್ತೀನಿ, ಬೇಜಾರಾದ್ರೆ ಹೇಳಿ, ಕೂತ್ಕೊಳ್ತೀನಿ."

ಯಾರೂ ನಗಲಿಲ್ಲ. ಮಿಸ್ ಕೆಂಪಗಾಗಿ ಬಾಯಿ ಮೇಲೆ ಕೈ ಇಟ್ಟುಕೊಂಡರು.

"ದಿನಾ ಬೆಳಿಗ್ಗೆ ಮಳೆ ಅಳೀತೀನಿ. ನಮ್ಮ ಲೆಕ್ಕ ಇಂಚು, ಸೆಂಟು; ನೂರು ಸೆಂಟಿಗೆ ಒಂದು ಇಂಚು. ನನ್ನ ಮಗಳು ಹುಟ್ಟಿದ ದಿನ ನಾಲ್ಕು ಇಂಚು ಇಪ್ಪತ್ತು ಸೆಂಟು. ಹಳ್ಳ ತುಂಬಿ ಜೀಪು ದಾಟ್ಲಿಲ್ಲ, ನಾನು ಆಸ್ಪತ್ರೆಗೆ ನಡ್ಕೊಂಡೇ ಹೋದೆ. ಇಷ್ಟು ವರ್ಷದಲ್ಲಿ ನನ್ನ ಹೆಸರಿನ ಮುಂದೆ ನಾನೇ ಗೈರುಹಾಜರಿ ಹಾಕ್ಕೊಂಡಿದ್ದು ಅದೊಂದೇ ದಿನ. ಇವತ್ತು ಎರಡನೇದು."

ಮೊದಲು ಚಪ್ಪಾಳೆ ತಟ್ಟಿದ್ದು ಅಡುಗೆ ಅಕ್ಕ, ಅದೂ ಕೈಯಲ್ಲಿ ಸೌಟು ಹಿಡಿದೇ. ಆಮೇಲೆ ಹಾಲಿನ ಮಾಡಿನ ಹೆಂಚು ಹಾರಿಹೋಗುವ ಹಾಗೆ ಎಲ್ಲರೂ ತಟ್ಟಿದರು. ಮಸಲತ್ತಿನ ಚಪ್ಪಾಳೆ ಯಾವುದು, ಮನಸ್ಸಿನ ಚಪ್ಪಾಳೆ ಯಾವುದು ಅಂತ ನನಗೆ ಗೊತ್ತಾಗುತ್ತದೆ. ಇದು ಮನಸ್ಸಿನದ್ದು.

ಆಗ ದೊಡ್ಡ ಎಸ್ಟೇಟಿನ ಆ ಹುಡುಗಿ ಎದ್ದು ನಿಂತಳು. ನಾನು ಕಂಬದ ಮರೆಗೆ ಇನ್ನಷ್ಟು ಸರಿದೆ. "ಅಂಕಲ್, ನಾನು ಹುಟ್ಟಿದ ದಿನ ಎಷ್ಟು ಮಳೆ ಬಂದಿತ್ತು?"

"ಪುಸ್ತಕ ನೋಡಿ ಹೇಳ್ಬೇಕಮ್ಮ. ತಾರೀಖು ಬರೆದುಕೊಡು" ಅಂದರು ಅಪ್ಪ.

ಅಷ್ಟೇ ಸಾಕಾಯಿತು. ನೂರೈವತ್ತು ಚೀಟಿ ಬಂದವು, ವಾರ್ಡನ್ನರದೂ ಒಂದು, ಮಿಸ್ಸಿನದೂ ಒಂದು. ಮಿಸ್ ಚೀಟಿ ಕೊಡುತ್ತಾ, "ನಾನು ದಾವಣಗೆರೇಲಿ ಹುಟ್ಟಿದ್ದು, ಪರವಾಗಿಲ್ವಾ?" ಅಂತ ಕೇಳಿದರು. ಅಪ್ಪ, "ಮಳೆ ನಮ್ಮದು, ತಾರೀಖು ನಿಮ್ಮದು" ಅಂದರು. ಕುಯ್ಲು ಮುಗಿದ ಮೇಲೆ ಪಟ್ಟಿ ಬಂತು, ಅಪ್ಪನ ದುಂಡು ಅಕ್ಷರದಲ್ಲಿ. ಅಪ್ಪ ಕೆಲಸಕ್ಕೆ ಸೇರುವ ಮುಂಚಿನ ತಾರೀಖುಗಳಿಗೆ ಹಳೇ ರೈಟರ ಪುಸ್ತಕ ಹುಡುಕಿ ತೆಗೆದಿದ್ದರು. ಆಷಾಢದಲ್ಲಿ ಹುಟ್ಟಿದವರು ನೆಲ ಕಾಣದೆ ಓಡಾಡಿದರು. ಜನವರಿಯಲ್ಲಿ ಹುಟ್ಟಿದ ಕಳಸದವಳಿಗೆ ಸೊನ್ನೆ ಬಂತು, ಅವಳು ಎರಡು ದಿನ ಯಾರಿಗೂ ಉಪ್ಪಿನಕಾಯಿ ಕೊಡಲಿಲ್ಲ.

ಹಾಸ್ಟೆಲ್ ಡೇ ದಿನ ಊಟ ಆದ ಮೇಲೆ ಅಪ್ಪನನ್ನು ಬಸ್ಸಿಗೆ ಬಿಡಲು ಹೋದೆ. ಅವರ ಜೇಬಿನ ತುಂಬ ಚೀಟಿ. ಬಸ್ಸು ಕಾಯುತ್ತಾ ಕೇಳಿದೆ, "ಮಿಸ್ ತಪ್ಪು ತಿಳ್ಕೊಂಡಿದಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಫೋನಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಬಂದ್ರಿ ಅಪ್ಪ?"

"ನಿಮ್ಮ ಮಗಳು ನಮ್ಮಪ್ಪ ರೈಟರ್ ಅಂತ ಇಡೀ ಕ್ಲಾಸಿಗೆ ಕೇಳೋ ಹಾಗೆ ಹೇಳಿದ್ಲು ಅಂತ ಮೇಡಂ ಅಂದ್ರು. ದೊಡ್ಡವರ ಮಕ್ಕಳೆಲ್ಲ ಓದೋ ಜಾಗ, ನೀನು ಹೇಳ್ಕೊಳ್ಳೋಕೆ ನಾಚ್ಕೊಳ್ತೀಯೇನೋ ಅಂದ್ಕೊಂಡಿದ್ದೆ. ಅದಕ್ಕೇ ಮೂರು ವರ್ಷದಿಂದ ಗೇಟಲ್ಲೇ ನಿಂತು ನೋಡ್ಕೊಂಡು ಹೋಗ್ತಿದ್ದೆ."

ಬಸ್ಸಿನ ಗಡಿಬಿಡಿಗೆ ಗೇಟಿನಿಂದಲೇ ವಾಪಸು ಹೋಗುತ್ತಾರೆ ಅಂತ ನಾನು ತಿಳಿದಿದ್ದೆ. ಆ ಹದಿನೈದು ದಿನ ನಾನು ಯಾಕೆ ಬಾಯಿ ಬಿಡಲಿಲ್ಲ ಅಂತ ಹೇಳಬೇಕು ಅನ್ನಿಸಿತು. ಹೇಳಲು ಹೋದರೆ ಅಳು ಬಂತು. ಅಪ್ಪ, "ಅಳೋದ್ಯಾಕೆ, ಚೆನ್ನಾಗೇ ಮಾತಾಡಿದ್ನಲ್ಲ" ಅಂತ ನಗುತ್ತಾ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಅವರು ಬಂದಾಗ ಗೇಟಿನಲ್ಲಿ ನಿಲ್ಲಲಿಲ್ಲ. ಸೀದಾ ಊಟದ ಹಾಲಿಗೆ ಬಂದು, ಬೆಂಚಿನ ಮೇಲೆ ಒರಗಿ ಕೂತು, ಅಡುಗೆ ಅಕ್ಕನ ಹತ್ತಿರ ಎರಡು ಸಲ ಕಾಫಿ ಕೇಳಿ ಕುಡಿದರು.