ಅರ್ಧ ಎಳೆದ ಮುಚ್ಚಳ

ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು ಕೇಳಿದರೆ ಈಗಲೂ ನನ್ನ ಕೈ ನಿಂತುಬಿಡುತ್ತದೆ. ಆದರೂ ಬರೆಯುತ್ತೇನೆ. ನಿಂತ ಕೈಯನ್ನು ಮತ್ತೆ ಆಡಿಸುವುದು ಈಗ ನನಗೆ ಗೊತ್ತು.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮರುದಿನ ತಾತನ ತಿಥಿ. ಅಂದು ಬೆಳಿಗ್ಗೆಯೇ ಬಚ್ಚಲು ಕಟ್ಟಿಕೊಂಡು ನೀರು ಉಕ್ಕತೊಡಗಿತು. ಚರಂಡಿ ಹೀರುವ ಯಂತ್ರದ ಗಾಡಿ ಬರಲು ಎರಡು ದಿನ ಬೇಕೆಂದರು. ಅಷ್ಟು ಕಾಯಲಾಗದೆ ಚಿಕ್ಕಮ್ಮ ಒಬ್ಬ ಕೆಲಸಗಾರರನ್ನು ಕರೆಸಿದರು. ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮನೆ ಮುಂದಿನ ಮ್ಯಾನ್‌ಹೋಲ್‌ಗೆ ಇಳಿದರು. ಹಗ್ಗದ ಇನ್ನೊಂದು ತುದಿ ಅವರ ಹೆಂಡತಿಯ ಕೈಯಲ್ಲಿತ್ತು.

ವರಾಂಡದಲ್ಲಿ ಮಡಿಬಟ್ಟೆ ಒಣಗುತ್ತಿತ್ತು. ಚಿಕ್ಕಮ್ಮ ಒಳಗಿನಿಂದ ಕೂಗಿದರು: “ಪಂಚೆಗೆಲ್ಲ ವಾಸನೆ ಹಿಡ್ದ್ಬಿಡತ್ತೆ ಕಣೇ, ಆ ಮುಚ್ಚಳ ಸ್ವಲ್ಪ ಎಳಿ.”

ನಾನು ಸಲಾಕೆ ಹಾಕಿ ಎಳೆದೆ. “ಬೇಡ ಅಕ್ಕ, ಗಾಳಿ ಬೇಕು,” ಎಂದರು ಹಗ್ಗ ಹಿಡಿದಿದ್ದ ಆಕೆ.

“ಅರ್ಧ ಅಷ್ಟೇ,” ಎಂದೆ.

ಸ್ವಲ್ಪ ಹೊತ್ತಿಗೆ ಹಗ್ಗದ ಅಲುಗಾಟ ನಿಂತಿತು. ಆಕೆ ಕೂಗಿದರೂ ಕೆಳಗಿನಿಂದ ಉತ್ತರವಿಲ್ಲ. ಮುಚ್ಚಳ ಸರಿಸಿ, ದಾರಿಹೋಕರೂ ಸೇರಿ ಎಳೆದಾಗ ಪ್ರಜ್ಞೆ ತಪ್ಪಿದ್ದ ಅವರು ಮೇಲೆ ಬಂದರು. ಉಸಿರಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು.

ವಿಚಾರಣೆಗೆ ಬಂದ ಅಧಿಕಾರಿ, ಕಂಡದ್ದನ್ನು ಬರೆದುಕೊಡಿ ಎಂದರು. ಅವರು ಹೋದ ಮೇಲೆ ಚಿಕ್ಕಮ್ಮ ಪಕ್ಕದಲ್ಲಿ ಬಂದು ಕೂತರು. “ನಾವು ಬೇಡ ಅಂದ್ವಿ, ಅವ್ನೇ ಇಳಿದ ಅಂತ ಬರಿ. ಎಂ.ಎ. ಓದಿದೀಯ, ಅಷ್ಟು ಬರಿಯಕ್ಕೆ ಬರಲ್ವಾ?”

ಹಾಗೆ ಬರೆಯಲಿಲ್ಲ, ನಿಜ. ಆದರೆ ನನ್ನ ಮೊದಲ ಹಾಳೆಯಲ್ಲಿ ಯಾರೂ ಏನೂ ಮಾಡಿರಲಿಲ್ಲ. ಎಲ್ಲವೂ ದುರದೃಷ್ಟವಶಾತ್ ಆಗಿತ್ತು. ಅದನ್ನು ಹರಿದು ಹಾಕಿದೆ. ಎರಡನೆಯದರಲ್ಲಿ ಬರೆದೆ: ಅವರನ್ನು ಕರೆಸಿದವರು ನಾವು. ಮುಚ್ಚಳ ಎಳೆದವಳು ನಾನು.

ಆಸ್ಪತ್ರೆಯ ಬೆಂಚಿನ ಮೇಲೆ ಕೆಲಸಗಾರರ ಹೆಂಡತಿಗೆ ಅದನ್ನು ಓದಿ ಹೇಳಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ.

“ನಾನು ಬೇಡ ಅಂದಿದ್ದು ಎಲ್ಲಿ ಅಕ್ಕ?”

ಅದನ್ನು ಬಿಟ್ಟಿದ್ದೆ. ತಪ್ಪೊಪ್ಪಿಕೊಳ್ಳುವ ಉತ್ಸಾಹದಲ್ಲೂ ಹಾಳೆಯ ತುಂಬ ನಾನೇ ಇದ್ದೆ. ಅಲ್ಲೇ ಕೂತು ಆಕೆಯ ಮಾತನ್ನು ಸೇರಿಸಿದೆ, ನನ್ನ “ಅರ್ಧ ಅಷ್ಟೇ” ಸಮೇತ. ಆಕೆ ಮತ್ತೊಮ್ಮೆ ಓದಿಸಿ ಕೇಳಿದರು.

“ಈಗ ಸರಿ. ಇನ್ನೊಂದು ಕಾಪಿ ಮಾಡ್ಸಿ. ನಿಮ್ಮ ಬೀದಿ ಮೂಲೆ ಮನೇವ್ರು ನಾಳೆ ಇದೇ ಕೆಲ್ಸಕ್ಕೆ ನನ್ನ ಮೈದುನನ್ನ ಕರ್ದಿದಾರೆ.”

ಸಂಜೆಯೇ ಕಾಪಿ ಹಿಡಿದು ಆ ಮನೆಗೆ ಹೋದೆ. ಯಜಮಾನರು ಕನ್ನಡಕ ಹುಡುಕಿ ತಂದರು. ಅವರು ಕೊನೆಯ ಸಾಲು ಮುಟ್ಟುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. “ನೀವೇ ಎಳೆದ್ರಾ?” ಎಂದರು.

“ನಾನೇ.”

ಹಾಳೆ ಮಡಿಸಿ, ಅವರು ಯಂತ್ರದ ಗಾಡಿಗೆ ಫೋನ್ ಮಾಡಿದರು. ಎರಡು ದಿನ ಅವರ ಮನೆ ಮುಂದೆ ನಾತ ತಡೆಯಲಾಗಲಿಲ್ಲ. ಯಾರೂ ಇಳಿಯಲಿಲ್ಲ.