ಉಳಿದವರ ಸುದ್ದಿ

ನಮ್ಮ ಡಾಕ್ಟರಬಾಯಿಯವರ ಕೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಮಕ್ಕಳ ಹೊಟ್ಟೆ ಮುಟ್ಟುವ ಮೊದಲು ಅಂಗೈಗಳನ್ನು ಕಂಕುಳಲ್ಲಿ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ದೊಡ್ಡವರಿಗೆ ಈ ಉಪಚಾರವಿಲ್ಲ. ತಡವಾಗಿ ಬಂದ ಅಪ್ಪಂದಿರನ್ನು ಎಲ್ಲರೆದುರಿಗೇ ಬೈಯುತ್ತಿದ್ದರು.

ಎಂಬತ್ತರ ದಶಕದ ಕೊನೆ. ಕಮಲಾಪುರದ ನಮ್ಮ ಮನೆಯವರು ನನ್ನ ಹೊಟ್ಟೆಯ ಗಡ್ಡೆಗೆ ದೃಷ್ಟಿ ತೆಗೆದು, ಬರೆ ಹಾಕಿಸಿ, ಎಲ್ಲ ಮುಗಿದ ಮೇಲೆ ಕಲಬುರಗಿಗೆ ಒಯ್ದರು. ಮಕ್ಕಳಿಗೆ ಅಪರೂಪಕ್ಕೆ ಬರುವ ಲಿಂಫೋಮಾ, ಅಂದರೆ ಗ್ರಂಥಿಗಳ ಕ್ಯಾನ್ಸರ್. ಹೈದರಾಬಾದಿನ ದೊಡ್ಡ ಡಾಕ್ಟರರನ್ನು ಕೇಳಿ ಕೇಳಿ ಬಾಯಿಯವರೇ ಔಷಧ ಕೊಟ್ಟರು. ಎರಡನೇ ಸುತ್ತಿನ ಔಷಧಕ್ಕೆ ಗಡ್ಡೆ ಕರಗಿತು. ಅಪ್ಪ ನನ್ನನ್ನು ಎತ್ತಿಕೊಂಡು ಊರಿಗೆ ಹೊರಟಾಗ ಬಾಯಿಯವರು ಬಾಗಿಲಿಗೆ ಅಡ್ಡ ನಿಂತರು.

“ಗಡ್ಡಿ ಹೋಗ್ಯಾದ, ಬ್ಯಾನಿ ಹೋಗಿಲ್ಲ. ಈಗ ಒಯ್ದ್ರ ಮಣ್ಣು ಮಾಡ್ತೀರಿ, ನೋಡ್ರಿ.”

ಅಪ್ಪ ಹೆದರಿ ಕೂತರು. ಹಾಗಾಗಿ ನಾನು ಉಳಿದೆ.

ಉಳಿದ ಮೇಲೆ ನಮ್ಮವರು ದವಾಖಾನೆಯ ಕಡೆ ತಲೆ ಹಾಕಲಿಲ್ಲ. ವಾಸಿಯಾದ ಮಗುವನ್ನು ಮತ್ತೆ ಅಲ್ಲಿಗೆ ಒಯ್ದರೆ ರೋಗವನ್ನು ಕರೆದಂತೆ, ಅದೂ ಹೆಣ್ಣುಮಗು, ಸುದ್ದಿ ಹಬ್ಬಿದರೆ ನಾಳೆ ಮದುವೆಯಾಗದು. ಬಾಯಿಯವರೇ ಬಸ್ಸು ಹತ್ತಿ ಬಂದರೆ ಅಜ್ಜಿ, “ಹುಡುಗಿ ಊರಾಗಿಲ್ರೀ” ಎಂದು ಕೆಂಪು ಬಾಳೆಹಣ್ಣು ಕೊಟ್ಟು ಸಾಗಹಾಕುತ್ತಿದ್ದಳು. ನಾನು ಒಳಗೇ ಇರುತ್ತಿದ್ದೆ. ಈಗ ನೆನೆದರೂ ಮೈ ಉರಿಯುತ್ತದೆ.

ಕಲಬುರಗಿಯ ಕಾಲೇಜು ಸೇರಿದ ಮೇಲೆ ನಾನಾಗಿಯೇ ಹೋದೆ. ಅಂದು ಕೋಟನೂರಿನ ತಾಯಿಯೊಬ್ಬಳು, ಗಡ್ಡೆ ಕರಗಿತೆಂದು ಮಗನನ್ನು ಹೊರಡಿಸುತ್ತಿದ್ದಳು. ಬಾಯಿ ನನ್ನನ್ನು ಅವಳೆದುರು ನಿಲ್ಲಿಸಿದರು.

“ಇಕಿನ್ನ ನೋಡ್ರಿ. ಇಕಿಗೂ ಇದೇ ಆಗಿತ್ತು. ಪೂರಾ ಔಷಧ ತೊಗೊಂಡಾಳ.”

ಅವಳು ನನ್ನ ಉದ್ದ ಜಡೆಯನ್ನು ನೋಡಿದಳು. “ನಿಮ್ಮ ಸಂಬಂಧಿಕರ ಹುಡುಗಿ ಇರಬೇಕ್ರೀ ಬಾಯಿ. ಹೇಳಿಕೊಟ್ಟು ಕರ್ಕೊಂಡ್ ಬಂದೀರಿ.”

ಪರೀಕ್ಷೆಗೆಂದು ಗಡ್ಡೆಯ ಚೂರು ತೆಗೆದಿದ್ದ, ಹೊಟ್ಟೆಯ ಗಾಯದ ಗುರುತು ತೋರಿಸಿದೆ. ಅಂಥವು ಎಷ್ಟೋ ಮಂದಿಗೆ ಇರುತ್ತವೆ ಎಂದು ಮಗನನ್ನು ಕರೆದುಕೊಂಡು ಹೋದಳು.

ಬಾಯಿ ಮೇಜಿಗೆ ಗುದ್ದಿದರು. “ಒಬ್ಬಾಕಿ ಸಾಲಂಗಿಲ್ಲ. ಹತ್ತು ಮಂದಿ ಕೂತಿದ್ರ ನಂಬ್ತಿದ್ದಳು. ಸತ್ತವರ ಸುದ್ದಿ ಜಿಲ್ಲಾಕ್ಕೆಲ್ಲ ಹರಡ್ತದ. ಬದುಕಿದವರು ಎಲ್ಲಿ ಅಡಗ್ಯಾರೋ, ನನಗೂ ಗೊತ್ತಾಗವಲ್ದು.”

ಆ ಹುಡುಗ ಉಳಿಯಲಿಲ್ಲ. ಆಮೇಲೂ ಬಾಯಿ ಕರೆದಾಗಲೆಲ್ಲ ಹೋಗಿ ಕೂತೆ. ಕೆಲವರು ನಂಬಿದರು, ಹೆಚ್ಚಿನವರು ನಂಬಲಿಲ್ಲ.

ಬಾಯಿ ತೀರಿಕೊಂಡ ದಿನ ಐವಾನ್-ಎ-ಶಾಹಿ ಬಡಾವಣೆಯ ಅವರ ಮನೆಯ ಅಂಗಳ ತುಂಬಿತ್ತು. ನನ್ನ ವಯಸ್ಸಿನವರು ಎಷ್ಟೊಂದು ಜನ. ಪಕ್ಕದಲ್ಲಿ ಬಿಕ್ಕಿ ಅಳುತ್ತಿದ್ದ ತರುಣನನ್ನು, ನಿಮಗೇನಾಗಿತ್ತು ಎಂದು ಕೇಳಿದೆ.

“ಸಣ್ಣಾಂವ ಇದ್ದಾಗ ಜ್ವರ ಬರ್ತಿತ್ರೀ” ಎಂದು ಅಂಗಿಯ ಕಾಲರನ್ನು ಕತ್ತಿನ ಹಳೇ ಗಾಯದ ಗುರುತಿನ ಮೇಲೆ ಎಳೆದುಕೊಂಡ.

ನನಗೆ ತಡೆಯಲಾಗಲಿಲ್ಲ. “ನನಗ ಕ್ಯಾನ್ಸರ್ ಆಗಿತ್ತು. ಬಾಯಿಯವರು ಉಳಿಸಿದ್ರು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಆ ತರುಣನ ತಂದೆ ಅವನ ರಟ್ಟೆ ಹಿಡಿದು, ಹೆಣ ಎತ್ತುವ ಮೊದಲೇ, ಗೇಟಿನ ಹೊರಗೆ ಕರೆದುಕೊಂಡು ಹೋದರು.