ಬೈಟು ಮೇಷ್ಟ್ರು

ಲೋಟದಿಂದ ಲೋಟಕ್ಕೆ ಕಾಫಿ ಸುರಿಯುವ ಸದ್ದು ಕೇಳಿದರೆ ಹುಣಸೂರಿನ ನಮ್ಮ ಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾಗುತ್ತಾರೆ. ಸ್ಟಾಫ್ ರೂಮಿನಲ್ಲಿ ಒಂದು ಕಾಫಿಯನ್ನು ಎರಡು ಮಾಡಿ, ಸಮನಾಗಿವೆಯೇ ಎಂದು ಬಗ್ಗಿ ನೋಡಿ, ಒಂದನ್ನು ನನ್ನತ್ತ ಸರಿಸುತ್ತಿದ್ದರು. "ಬೈಟು ಮಾಡ್ಕಂಡ್ರೆ ಯಾರ್ಗೂ ಮೋಸ ಇಲ್ಲ ಕಣ್ರೀ ಮೇಡಂ."

ಮ್ಯಾನೇಜ್‌ಮೆಂಟು ನಮಗೆಲ್ಲ ಪೆನ್ಷನ್ ಸ್ಕೀಮ್ ಮಾಡಿಸಿದಾಗ, ದುಡ್ಡನ್ನು ಏರಿಳಿದರೂ ಹೆಚ್ಚು ಬೆಳೆಯಬಹುದಾದ ಶೇರಿಗೆ ಹಾಕುವುದೋ, ಸೇಫ್ ಆದ ಸರ್ಕಾರಿ ಬಾಂಡಿಗೋ ಎಂಬ ಚಾಯ್ಸ್ ನಮ್ಮದೇ ಆಗಿತ್ತು. ರಿಟೈರ್ ಆದ ಮೇಲೆ ಆ ಹಣದಲ್ಲಿ ಹೆಂಡತಿಯ ಮಂಡಿ ಆಪರೇಷನ್ ಮಾಡಿಸಬೇಕೆಂಬುದು ಮೇಷ್ಟ್ರ ಆಸೆ.

"ನಂದು ಬೈಟು ಮಾಡಿ. ಅರ್ಧ ಅದು, ಅರ್ಧ ಇದು," ಎಂದರು ಫಾರಂ ತುಂಬುತ್ತಿದ್ದ ಕ್ಲರ್ಕಿಗೆ.

"ಇದೇನ್ ಕಾಫಿನಾ ಮೇಷ್ಟ್ರೇ? ಅರ್ಧ ಹಾಕುದ್ರೆ ಒಂದೇ ಮಂಡಿ ಆಪರೇಷನ್ ಆಗೋದು," ಎಂದ ಹೊಸ ಮ್ಯಾತ್ಸ್ ಸರ್. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು, ಆದಷ್ಟೂ ಶೇರಿಗೇ ಹಾಕಿಸಿದರು.

ಕೊರೊನಾ ಬಂದು ಶೇರು ಕುಸಿದಾಗ ಅವರ ರಿಟೈರ್‌ಮೆಂಟ್ ಹತ್ತಿರವಿತ್ತು. "ಇರೋದಾದ್ರೂ ಉಳೀಲಿ ಬುಡಿ," ಎಂದು ಎಲ್ಲವನ್ನೂ ಬಾಂಡಿಗೆ ಬದಲಾಯಿಸಿದರು. ಕೆಲವು ತಿಂಗಳಲ್ಲಿ ಶೇರು ಮತ್ತೆ ಏರಿತು. ಅವರ ಹಣ ಅಲ್ಲಿರಲಿಲ್ಲ. ಆಪರೇಷನ್ ವಿಷಯ ಅವರು ಮತ್ತೆ ಎತ್ತಲೇ ಇಲ್ಲ, ಪೂರ್ ಮ್ಯಾನ್.

ಕೊನೆಯ ಸಲ ಅವರನ್ನು ನೋಡಿದ್ದು ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ. ಸಾಲಿಗ್ರಾಮದ ಬಸ್ಸಿನಿಂದ ಅವರ ಹೆಂಡತಿ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದು ಮೆಟ್ಟಿಲಿಗೂ ನಿಂತು ಇಳಿಯುತ್ತಿದ್ದರು.

"ಬೇಗ ಇಳೀರವ್ವ, ಟೈಮಾಯ್ತು," ಎಂದ ಕಂಡಕ್ಟರ್.

ಮೇಷ್ಟ್ರು ಕೆಳಗೆ ನಿಂತು ಎರಡೂ ಕೈ ಚಾಚಿದ್ದರು. "ನಿಧಾನುಕ್ಕೆ ಇಳಿಯಮ್ಮಿ," ಎಂದರು. "ನೀನು ಇಳಿಯಗಂಟ ಬಸ್ಸು ಓಗಕಿಲ್ಲ."